ಎಡಗೈ ಮೇಲಿನ ಅಂಕಿಗಳು

"ಕೈಯಲ್ಲಿ ಎಂತ ನೋಡ್ತೀರಿ? ನನ್ನ ಜಾತಕ ಅಲ್ಲ ಅದು!"

ನರ್ಸ್ ಪ್ರಣೀತಾ ಗದರಿದಳು. ಥಾಣೆಯ ಆ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಬೆಳಗಿನ ಗಡಿಬಿಡಿ. ಹೊಸ ಟ್ಯಾಬ್ ಹಿಡಿದು ನಿಂತಿದ್ದ ಯುವಕ ಅವಳ ಎಡಗೈಯನ್ನೇ ನೋಡುತ್ತಿದ್ದ. ಅಲ್ಲಿ ಬಾಲ್‌ಪೆನ್ನಿನ ನೀಲಿ ಅಂಕಿಗಳು. ನಾಡಿ, ಜ್ವರ, ಬಿಪಿ... ಹನ್ನೊಂದು ರೋಗಿಗಳದ್ದು!

"ಇನ್ಮೇಲೆ ಕೈ ಮೇಲೆ ಬರೀಬೇಕಾಗಿಲ್ಲ ಕಣ್ರೀ. ಎಲ್ಲಾ ಇದರಲ್ಲೇ," ಎಂದು ಅವನು ನಕ್ಕ. ಹೆಸರು ನಂಜುಂಡ, ಊರು ಮೈಸೂರು, ಕೆಲಸ ನವಿ ಮುಂಬಯಿಯ ಸಾಫ್ಟ್‌ವೇರ್ ಕಂಪನಿಯಲ್ಲಿ.

"ಮೂವತ್ತು ಬೆಡ್ಡಿಗೆ ಒಂದೇ ಟ್ಯಾಬ್ ಕೊಟ್ಟಿದ್ದೀರಲ್ಲ ಮಾರಾಯ್ರೆ! ಅದೂ ಯಾವಾಗ ನೋಡಿದ್ರೂ ಚಾರ್ಜಿಗೆ ಇಟ್ಟಿರ್ತದೆ."

ಆ ಮಾತು ಅವನ ತಲೆಗೆ ಹೋಗಲೇ ಇಲ್ಲ. ಹೋದದ್ದು ಅವಳ ಕಣ್ಣು! ಗಂಡಸರ ಬುದ್ಧಿಯೇ ಇಷ್ಟು, ಬಿಡಿ.

ನರ್ಸುಗಳಿಗೆ ಟ್ಯಾಬ್ ತರಬೇತಿಯ ನೆಪದಲ್ಲಿ ಅವನು ಒಂದು ತಿಂಗಳು ಬಂದ. ಕ್ಯಾಂಟೀನಿನಲ್ಲಿ ಅರ್ಧ ಲೋಟದ ಕಟಿಂಗ್ ಚಹಾ, ಸಂಜೆ ಡೊಂಬಿವಲಿ ಲೋಕಲ್ ರೈಲು ಬರುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ಮಾತು. 'ಅಮ್ಮನಿಗೆ ಹೇಳಿಯೇ ಬಿಡಲಾ?' ಎಂದು ಅವಳ ಮನಸ್ಸು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು.

ಆಗಲೇ ಮೇಟ್ರನ್ ಮುಕ್ತಾ ಮೇಡಂ ಕರೆದರು. ಅವರ ಮುಂದೆ ಒಂದು ರಿಪೋರ್ಟ್.

"ಗ್ಯಾರಾ ಪೇಶಂಟ್, ಚಾರ್ ಮಿನಿಟ್? ಕಿಸೀಕೋ ದೇಖಾ ಭೀ ಥಾ, ಯಾ ಬೈಠೇ ಬೈಠೇ ಭರ್ ದಿಯಾ?"

ಹನ್ನೊಂದು ಜನರ ನಾಡಿ, ಬಿಪಿ ನಾಲ್ಕೇ ನಿಮಿಷದಲ್ಲಿ! ಯಾರನ್ನೂ ನೋಡದೆ ಕೂತಲ್ಲೇ ತುಂಬಿಸಿದ ಸುಳ್ಳು ದಾಖಲೆ ಎಂದು ರಿಪೋರ್ಟಿನಲ್ಲಿ ಬರೆದಿತ್ತು. ಅವಳು ಒಬ್ಬೊಬ್ಬರನ್ನೇ ನೋಡಿ, ಕೈ ಮೇಲೆ ಬರೆದುಕೊಂಡು, ಟ್ಯಾಬ್ ಸಿಕ್ಕಾಗ ಎಲ್ಲವನ್ನೂ ಒಟ್ಟಿಗೆ ತುಂಬಿಸಿದ್ದಳು. ವಾರ್ಡಿನ ಎಲ್ಲ ನರ್ಸುಗಳೂ ಮಾಡುತ್ತಿದ್ದದ್ದು ಹಾಗೆಯೇ; ಸಿಕ್ಕಿಬಿದ್ದದ್ದು ಅವಳೊಬ್ಬಳು. ತುಂಬಿಸಿದ ಹೊತ್ತನ್ನೇ ರೋಗಿಯನ್ನು ನೋಡಿದ ಹೊತ್ತು ಎಂದು ಟ್ಯಾಬ್ ಬರೆದುಕೊಂಡಿತ್ತು.

ಸಾಕ್ಷಿ? ಅದನ್ನು ಅವಳೇ ಸೋಪು ಹಾಕಿ ತೊಳೆದಿದ್ದಳು.

ರಿಪೋರ್ಟಿನ ಕೆಳಗೆ ಸಹಿ... ನಂಜುಂಡ!

ಅವತ್ತೇ ಅವಳ ಕೆಲಸ ಹೋಯಿತು. 'ನನ್ನ ಕೈಯನ್ನು ಕಣ್ಣಾರೆ ನೋಡಿದವ ನೀನು. ನೀನೇ ಹೀಗೆ ಮಾಡಿದಿಯಲ್ಲ!' ಅವನ ಒಂದು ಫೋನನ್ನೂ ಅವಳು ಎತ್ತಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ, ಕೋಪರಿಯ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಅವಳು ಕಾಗದದ ಚಾರ್ಟು ತುಂಬಿಸುತ್ತಿದ್ದಾಗ ನಂಜುಂಡ ಬಂದು ನಿಂತ. ಸೊರಗಿದ್ದ. ಕೈಯಲ್ಲೊಂದು ಲಕೋಟೆ.

"ನಾಚಿಕೆ ಆಗುದಿಲ್ವಾ ನಿಮಗೆ?"

"ಆಗತ್ತೆ. ರಿಪೋರ್ಟಲ್ಲಿ ಹೆಸರಿರ್ಲಿಲ್ಲ, ಬರೀ ಸ್ಟಾಫ್ ನಂಬರ್. ಯಾರು ಅಂತ ಕೇಳ್ದೇನೇ ಸಹಿ ಹಾಕ್ಬಿಟ್ಟೆ. ರೋಗೀನ ನೋಡಿದ ಹೊತ್ತು ಬರೆಯೋಕೆ ಟ್ಯಾಬಲ್ಲಿ ಜಾಗಾನೇ ಇಟ್ಟಿರ್ಲಿಲ್ಲ ನಾನು. ತಪ್ಪು ನಂದು ಅಂತ ಆಸ್ಪತ್ರೆಗೆ ಬರ್ಕೊಟ್ಟೆ."

"ನಿಮ್ಮ ಕಂಪನಿಯವರು?"

"ಮನೆಗೆ ಕಳಿಸಿದ್ರು."

ಲಕೋಟೆಯಲ್ಲಿ ಆಸ್ಪತ್ರೆಯ ಪತ್ರ. ಅವಳನ್ನು ಮತ್ತೆ ಕೆಲಸಕ್ಕೆ ಕರೆದಿದ್ದರು. ಎರಡು ಸಲ ಓದಿದಳು. ಕ್ಷಮೆ ಎಂಬ ಒಂದು ಶಬ್ದ ಅದರಲ್ಲಿರಲಿಲ್ಲ.

"ಕಳ್ಳರನ್ನು ಅಟ್ಟಿದ ಹಾಗೆ ಅಟ್ಟಿದ್ರು. ಅಮ್ಮ ಸರಿಯಾಗಿ ಊಟ ಮಾಡದೆ ಎಷ್ಟು ದಿನ ಆಯ್ತು ಗೊತ್ತುಂಟಾ? ನಾನು ಅಲ್ಲಿಗೆ ಹೋಗುದಿಲ್ಲ!"

"ಹೋಗ್ಬೇಡಿ." ಅವನು ಲಕೋಟೆ ಪಕ್ಕಕ್ಕೆ ಸರಿಸಿದ. "ಆದ್ರೆ ನನ್ನ ಬಿಟ್ಟೂ ಹೋಗ್ಬೇಡಿ ಪ್ರಣೀತಾ... ನೀವಿಲ್ದೆ ನಂಗಾಗ್ತಿಲ್ಲ."

ಅವಳ ಸಿಟ್ಟು ಇಳಿದಿರಲಿಲ್ಲ. ಪೂರ್ತಿ ಇಳಿಯುವುದೂ ಇಲ್ಲವೇನೋ! ಆದರೂ ಅವನ ಬಿಳಿಚಿದ ಮುಖ ನೋಡಿ ಬೆರಳು ತಾನಾಗಿ ಅವನ ಮಣಿಕಟ್ಟಿಗೆ ಹೋಯಿತು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು.

"ನೂರ ಹದಿನಾಲ್ಕು."

"ಬರ್ಕೊಳ್ಳಿ," ಎಂದು ಅವನು ತನ್ನ ಅಂಗೈ ಚಾಚಿದ.

ಅವಳು ಬರೆದಳು.

"ಹೊತ್ತೂ ಬರೀರಿ. ನೋಡಿದ ಹೊತ್ತು..."

ಹನ್ನೆರಡು ಇಪ್ಪತ್ತು. ಅದನ್ನೂ ಬರೆದಳು.

"ನಾನು ನೋಡಿಯೇ ಬರೆದದ್ದಕ್ಕೆ ಉಳಿದ ಸಾಕ್ಷಿ ಇದೊಂದೇ," ಎಂದಳು ಪ್ರಣೀತಾ. "ತೊಳೀಬೇಡಿ."

"ತೊಳೆಯಲ್ಲ," ಎಂದ ನಂಜುಂಡ.