ತಿರುವಿನಲ್ಲಿ ಹೆಚ್ಚಾದ ಬೆಳಕು

ಲೆಕ್ಕದ ಮೇಷ್ಟ್ರ ಮೇಲೆ ವಿಜ್ಞಾನದ ಟೀಚರಿಗೆ ಅನುಮಾನ ಹುಟ್ಟಿದ್ದು ಗೋಡೆಗೆ ಅಂಟಿಸಿದ್ದ ಗ್ರಾಫಿನಿಂದ.

ಶಾಲೆಯ ಹಿಂದಿನ ಬೀದಿ ಕತ್ತಲಲ್ಲಿ ಮುಳುಗಿ ಬಹಳ ಕಾಲವಾಗಿತ್ತು. ಎಂಟನೇ ತರಗತಿಯ ಮಕ್ಕಳು ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡಿದ್ದರು. ವಿಜ್ಞಾನದಲ್ಲಿ ಬೆಳಕಿನ ಮೀಟರ್ ಹಿಡಿಯಲು ಕಲಿತರು, ಲೆಕ್ಕದಲ್ಲಿ ಗ್ರಾಫ್ ಎಳೆದರು, ಭಾಷೆಯ ಪಿರಿಯಡ್ಡಿನಲ್ಲಿ ನಗರಸಭೆಗೆ ಅರ್ಜಿ ಬರೆದರು. ನಾಳೆ ಎಂಜಿನಿಯರ್ ಬರುವವರಿದ್ದರು. ಒಂದು ಅಂಕಿ ಸುಳ್ಳೆನಿಸಿದರೂ ಸಾಕು, ಮಕ್ಕಳಾಟವೆಂದು ಇಡೀ ಅರ್ಜಿಯನ್ನೇ ಮೂಲೆಗೆ ತಳ್ಳುತ್ತಾರೆ.

ಗ್ರಾಫಿನಲ್ಲಿ ಉದ್ದಕ್ಕೂ ನೆಲ ಕಚ್ಚಿದ್ದ ಗೆರೆ ಒಂದು ತಿರುವಿನಲ್ಲಿ ಮಾತ್ರ ಗುಡ್ಡದ ಹಾಗೆ ಎದ್ದಿತ್ತು. ಅದು ವಿಜ್ಞಾನದ ಟೀಚರ್ ಮನೆಯ ತಿರುವು. ಅಲ್ಲಿ ದೀಪದ ಕಂಬವೇ ಇಲ್ಲ.

“ಸರ್, ಇದೇನು?”

ಅವನು ಗ್ರಾಫ್ ನೋಡಿದ, ಅವಳನ್ನು ನೋಡಿದ, ಕಿವಿ ಕೆಂಪಗಾಯಿತು. “ಮಕ್ಕಳು ಎಡವಟ್ಟು ಮಾಡಿರ್ಬೇಕು, ಮೇಡಂ. ಆ ಅಂಕಿ ಬಿಟ್ಬಿಡೋಣ.”

“ದಿನಾ ಒಂದೇ ಜಾಗದಲ್ಲಾ? ಅಳೆಯೋ ಗುಂಪನ್ನ ಕರ್ಕೊಂಡು ಹೋಗೋದು ನೀವೇ ತಾನೇ?”

ಅವನು ಡಸ್ಟರ್ ಹುಡುಕತೊಡಗಿದ. ಡಸ್ಟರ್ ಅವನ ಕೈಯಲ್ಲೇ ಇತ್ತು.

ಸಿಲಬಸ್ ಯಾರು ಮುಗಿಸ್ತಾರೆ ಎಂದು ಮೊದಲ ದಿನ ರಾಗ ಎಳೆದವನು ಇವನೇ. ಆಮೇಲೆ ಇದ್ದಕ್ಕಿದ್ದಂತೆ ಬೀದಿ ಅಳೆಯುವ ಗುಂಪೇ ಬೇಕೆಂದು ಕೇಳಿ ಪಡೆದಿದ್ದ. ಎಲ್ಲ ಕೆಡಿಸಲಿಕ್ಕೇ ಇರಬೇಕು. ಇಂಥವನು ಬರುವ ಹೊತ್ತಿಗೆ ತಾನು ಸ್ಟಾಫ್ ರೂಮಿನ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಗುಂಪಿನ ಹುಡುಗಿಯರನ್ನು ಕೇಳಿದರೆ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. “ಇದ್ದದ್ದನ್ನ ಇದ್ದ ಹಾಗೇ ಬರೀರಿ ಅಂದೋರು ನೀವೇ, ಮಿಸ್. ಅಲ್ಲಿ ಬೆಳಕು ಇರುತ್ತೆ. ಬೇಕಾದ್ರೆ ಹೋಗಿ ನೋಡಿ.”

ಅಳತೆಯ ಕೆಲಸ ಮುಗಿದಿತ್ತು. ಆದರೂ ಆ ಮುಸ್ಸಂಜೆ ಅವಳು ಮೀಟರ್ ಹಿಡಿದು, ದಿನದ ದಾರಿ ಬಿಟ್ಟು, ಹಿಂದಿನ ಓಣಿಯಿಂದ ಬಂದಳು.

ತಿರುವಿನಲ್ಲಿ ಅವನ ಸ್ಕೂಟರ್ ನಿಂತಿತ್ತು. ಹೆಡ್‌ಲೈಟಿನ ಬೆಳಕು ಗುಂಡಿಬಿದ್ದ ರಸ್ತೆಯ ಮೇಲೆ ಅವಳ ಗೇಟಿನವರೆಗೂ ಹರಡಿತ್ತು. ತಿರುವಿನಾಚೆಯ ಔಷಧಿ ಅಂಗಡಿಗೆ ಬಂದ ಯಾರದೋ ಗಾಡಿ ಕಣ್ಣು ಕುಕ್ಕುತ್ತದೆಂದು ದಿನವೂ ಗೊಣಗುತ್ತ ಅವಳು ನಡೆದುಹೋಗುತ್ತಿದ್ದದ್ದು ಇದೇ ಬೆಳಕಿನಲ್ಲಿ.

“ಸಿಕ್ಕಿಬಿದ್ರಿ!”

ಅವನು ಬೆಚ್ಚಿ ತಿರುಗಿದ. “ನೀವು ಆ ಕಡೆಯಿಂದ ಬರ್ಬೇಕಿತ್ತಲ್ವಾ?”

“ಈ ಬೆಳಕು ಯಾರಿಗೆ?”

“ಆವತ್ತು ಈ ಗುಂಡೀಲಿ ನಿಮ್ಮ ಕಾಲು ಉಳುಕಿತ್ತಲ್ಲ... ನೀವು ಯಾವಾಗ ಬರ್ತೀರೋ ಅಂತ ಮೊದಲೇ ಲೈಟ್ ಹಾಕಿಡ್ತಿದ್ದೆ. ಮಕ್ಕಳು ಇದನ್ನೂ ಅಳೆದಿದ್ದಾರೆ ಅಂತ ಗ್ರಾಫ್ ನೋಡಿದ್ಮೇಲೇ ಗೊತ್ತಾಗಿದ್ದು.”

“ಲೆಕ್ಕದ ಮೇಷ್ಟ್ರಿಗೆ ಅಷ್ಟೂ ಹೊಳೀಲಿಲ್ವಾ?”

“ನಿಮ್ಮ ವಿಷಯಕ್ಕೆ ಬಂದ್ರೆ ನನಗೆ ಯಾವ ಲೆಕ್ಕಾನೂ ಬರಲ್ಲ.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ಕಾದವನನ್ನು ಕೆಡಿಸುವವನೆಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

“ಲೈಟ್ ಆರಿಸಿ. ನನಗೆ ನಿಜವಾದ ಅಂಕಿ ಬೇಕು.”

ಅವನು ಆರಿಸಿದ. ಕತ್ತಲು ಕವಿಯಿತು. ಮೀಟರಿನ ಪುಟ್ಟ ಪರದೆಯಲ್ಲಿ ಅಂಕಿ ಇಳಿಯುತ್ತಾ ಹೋಗಿ ಸೊನ್ನೆಗೆ ನಿಂತಿತು. ಗ್ರಾಫಿನ ಗುಡ್ಡದ ಜಾಗಕ್ಕೆ ಈ ಸೊನ್ನೆ ಸಾಕು, ಮಕ್ಕಳ ಅರ್ಜಿ ಉಳಿಯಿತು.

“ನಾಳೆ ಎಂಜಿನಿಯರ್ ಒಪ್ಕೊಂಡ್ರೆ ಇಲ್ಲಿ ದೀಪ ಬರುತ್ತೆ,” ಅವನ ದನಿ ತಗ್ಗಿತು. “ಆಮೇಲೆ ನನಗಿಲ್ಲಿ ಏನು ಕೆಲಸ?”

ಹ್ಯಾಂಡಲ್ ಮೇಲಿದ್ದ ಅವನ ಕೈಯನ್ನು ಅವಳು ತಡಕಿ ಹಿಡಿದಳು. “ಗೇಟಿನ ಆಚೆಗೇ ನಿಂತ್ಬಿಡ್ತೀರಲ್ಲ, ಒಳಗೆ ಬನ್ನಿ. ಅಮ್ಮ ಇದ್ದಾರೆ.”

“ಈಗ್ಲಾ?”

“ಈಗ್ಲೇ. ಲೈಟ್ ಬೇಡ,” ಎಂದು ಅವಳು ಮುಂದೆ ಹೆಜ್ಜೆಯಿಟ್ಟಳು. “ಗುಂಡಿ ಎಲ್ಲಿದೆ ಅಂತ ನಂಗೊತ್ತು.”