ಹದಿನೇಳನೇ ಮೊಳೆ

ಊರಂಚಿನ ಆ ಕಾಡು ಎಲ್ಲರದೂ. ಓಡುವವರು, ಮಕ್ಕಳು, ಮಂಡಿನೋವಿನ ಹಿರಿಯರು, ನಾಯಿಯವರು, ಎಲ್ಲರೂ ಒಂದೇ ಹೊತ್ತಿಗೆ ಬಂದರೆ ಜಗಳ. ಅದಕ್ಕೇ ಸಮಯ ಹಂಚಿದ್ದರು. ಬೆಳಿಗ್ಗೆ ಆರರಿಂದ ಎಂಟು ನಾಯಿಯವರಿಗೆ ಮಾತ್ರ. ಆಮೇಲೆ ಕತ್ತಲಾಗುವವರೆಗೆ ನಾಯಿಯಿಲ್ಲದವರಿಗೆ.

ಬೆಳಗಿನ ಗೇಟು ನನ್ನದು. ಗೇಟಿನ ಪಕ್ಕ ಒಂದು ಹಲಗೆ, ಅದರಲ್ಲಿ ನಲವತ್ತು ಮೊಳೆ, ಮೊಳೆಗೊಂದು ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವಾಗ ನಾಯಿಯ ಬೆಲ್ಟಿಗೆ ಅದರ ಬಿಲ್ಲೆ ಸಿಕ್ಕಿಸುತ್ತಿದ್ದೆ, ಹೊರಬಂದ ಮೇಲೆ ಮತ್ತೆ ಮೊಳೆಗೆ. ಎಂಟಕ್ಕೆ ಮೊಳೆ ಖಾಲಿಯಿದ್ದರೆ ಆ ನಾಯಿ ಇನ್ನೂ ಒಳಗಿದೆ ಎಂದರ್ಥ. ಹುಡುಕಿ ಕರೆತರುವವರೆಗೆ ಬೇರೆಯವರನ್ನು ಬಿಡುವಂತಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಆ ನಲವತ್ತು ನಾಯಿಗಳ ನಡಿಗೆ ಇವತ್ತಿಗೂ ಕಣ್ಣಲ್ಲಿದೆ.

ಹದಿನೇಳನೆಯದು ಟೈಲರಮ್ಮನ ದೊರೆಯದು. ದೊರೆ ಎಂದರೆ ಆ ಮುದಿ ನಾಯಿ. ಗೇಟಿನ ಎಡಗಂಬಕ್ಕೆ ಕಾಲೆತ್ತದೆ ಒಂದು ದಿನವೂ ಒಳಗೆ ಹೋದವನಲ್ಲ.

ಒಂದು ಬೆಳಿಗ್ಗೆ ಟೈಲರಮ್ಮ ಬರೀ ಚೈನು ಹಿಡಿದು ನಿಂತಿದ್ದಳು. ತೋಳಿನ ಮೇಲೆ ಹಸಿರು ದಾರದ ಎಳೆ ಅಂಟಿತ್ತು. ನಿನ್ನೆ ಕೆಂಪಿತ್ತು.

"ಬಿಲ್ಲೆ ಕೈಗೇ ಕೊಡಿ ಗಾರ್ಡ್ ಸಾರ್. ಅವನು ಆಗ್ಲೇ ಮುಂದೆ ಹೋದ."

"ಚೈನು ಬಿಚ್ಚಬಾರದು ಅಂತ ಬೋರ್ಡಿದೆಯಲ್ಲ, ಟೈಲರಮ್ಮ."

"ಅವನಿಗೆ ಓದೋಕೆ ಬರಲ್ಲ."

"ನಂಗೂ ಅಷ್ಟಕ್ಕಷ್ಟೇ."

ನಕ್ಕಳು. ಆದರೆ ರೆಪ್ಪೆ ಊದಿಕೊಂಡಿತ್ತು. ಎಡಗಂಬ ನೋಡಿದೆ. ಒಣಗಿತ್ತು.

ದೊರೆ ಸತ್ತುಹೋಗಿದ್ದ. ಕೇಳದೆ ಬಿಲ್ಲೆ ಕೊಟ್ಟೆ. ನಾಯಿಯ ಜೊತೆ ನಡೆದ ದಾರಿ, ಒಂದಷ್ಟು ದಿನ ನಡೆಯಲಿ ಎಂದುಕೊಂಡೆ.

ಎಂಟಕ್ಕೆ ಹದಿನೇಳನೇ ಮೊಳೆ ಖಾಲಿ. ಹುಡುಕಿಕೊಂಡು ಹೋದರೆ ತೊರೆಯ ಕಲ್ಲಿನ ಮೇಲೆ ಕೂತಿದ್ದಳು. ಇಬ್ಬರೂ ಮಾತಾಡುತ್ತಾ ವಾಪಸು ಬಂದೆವು. ಮರುದಿನವೂ ಹಾಗೇ, ಅದರ ಮರುದಿನವೂ.

ಎರಡು ತಿಂಗಳು ಹಾಗೇ ನಡೆಯಿತು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿದ್ದ ನನ್ನ ಮನೆಯಲ್ಲಿ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಈ ಹತ್ತು ನಿಮಿಷದ ದಾರಿಗಾಗಿ ನಾನು ದಿನವೂ ಗಡ್ಡ ಹೆರೆಯತೊಡಗಿದ್ದೆ.

"ಗಲ್ಲ ಕೊಯ್ಕೊಂಡಿದ್ದೀರಿ," ಎಂದಳೊಮ್ಮೆ. "ಹೊಲಿಗೆ ಹಾಕಲಾ?"

"ನಿಮ್ಮ ಮದುವೆ ಯಾಕಾಗಲಿಲ್ಲ?" ಎಂದು ನಾನೊಮ್ಮೆ ಕೇಳಿದ್ದೆ.

"ಊರಿನ ಮದುವೆ ಬಟ್ಟೆಯೆಲ್ಲಾ ಹೊಲಿದೆ. ನಂದು ಹೊಲಿಯೋಕೆ ಪುರುಸೊತ್ತಾಗಲಿಲ್ಲ."

ಅಷ್ಟರಲ್ಲಿ ಆಫೀಸಿನಿಂದ ಕಾಗದ ಬಂತು. ಸೋಮವಾರ ಪ್ರತಿ ನಾಯಿಯನ್ನೂ ಸಾಹೇಬರಿಗೆ ತೋರಿಸಬೇಕು, ತೋರಿಸದಿದ್ದರೆ ಬಿಲ್ಲೆ ರದ್ದು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಓದಲು ಬರದಿದ್ದರೇ ಚೆನ್ನಾಗಿತ್ತು ಎನಿಸಿತು. ಬಿಲ್ಲೆ ಹೋದರೆ ಅವಳು ಬರುವಂತಿಲ್ಲ. ಅವಳು ಬರದಿದ್ದರೆ ನನಗೆ ಉಳಿಯುವುದು ಬರೀ ಮೂವತ್ತೊಂಬತ್ತು ನಾಯಿ.

ಶನಿವಾರ ತೊರೆಯ ಹತ್ತಿರ ಹೇಳಿಯೇಬಿಟ್ಟೆ.

"ದೊರೆ ಇಲ್ಲ ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು."

ಅವಳು ಚೈನನ್ನು ಬೆರಳಿಗೆ ಸುತ್ತಿಕೊಂಡಳು. "ಮತ್ತೆ ಯಾಕೆ ಬಿಟ್ರಿ?"

"ದುಃಖದಲ್ಲಿದ್ದೋರಿಗೆ ಗೇಟು ಹಾಕೋದು ಹ್ಯಾಗೆ?" ತಡೆದು ಹೇಳಿದೆ: "ಸೋಮವಾರದಿಂದ ಆಗಲ್ಲ. ಸಂಜೆ ಬನ್ನಿ. ಆಗ ನಾಯಿ ಬೇಕಾಗಿಲ್ಲ."

"ಅದು ನಂಗೂ ಗೊತ್ತು. ಸಂಜೆ ನೀವಿರಲ್ಲ."

ಅವಳು ಬೆರಳಿನ ಚೈನು ಬಿಚ್ಚಿ ಕಲ್ಲಿನ ಮೇಲಿಟ್ಟಳು.

"ಎಲ್ಲಾ ನೆನಪಿರುತ್ತೆ ಅಂತೀರಲ್ಲ," ಎಂದಳು ಮೆಲ್ಲಗೆ. "ದೊರೆ ಇದ್ದಾಗ ನಾನು ಒಂದು ದಿನಾನಾದ್ರೂ ತಡ ಮಾಡಿದ್ನಾ?"

ನೆನಪು ಮಾಡಿಕೊಂಡೆ. ಏಳೂವರೆಗೆಲ್ಲ ದೊರೆ ಅವಳನ್ನು ಎಳೆದುಕೊಂಡು ಹೊರಡುತ್ತಿದ್ದ. ಆರು ವರ್ಷದಲ್ಲಿ ಒಂದು ದಿನವೂ ಆ ಮೊಳೆ ಎಂಟಕ್ಕೆ ಖಾಲಿಯಿರಲಿಲ್ಲ.

"ಮೊದಲ ದಿನ ಅಳ್ತಾ ಕೂತು ಹೊತ್ತು ಗೊತ್ತಾಗಲಿಲ್ಲ. ನೀವು ಹುಡುಕ್ಕೊಂಡು ಬಂದ್ರಿ. ನನ್ನ ಯಾರೂ ಯಾವತ್ತೂ ಹಾಗೆ ಹುಡುಕ್ಕೊಂಡು ಬಂದಿರಲಿಲ್ಲ." ಅವಳ ದನಿ ಇಳಿಯಿತು. "ಆಮೇಲೆ ಬೇಕಂತಲೇ ಕೂತೆ."

ನಾಯಿಯ ಹೆಜ್ಜೆ ಓದಬಲ್ಲವನಿಗೆ ಇದೊಂದು ತಿಳಿದಿರಲಿಲ್ಲ. ನಾನು ಅವಳ ತೋಳಿನ ಮೇಲಿನ ದಾರದ ಎಳೆ ತೆಗೆದೆ. ಆ ದಿನ ನೀಲಿ. ತೆಗೆದ ಮೇಲೂ ಕೈ ಅಲ್ಲೇ ಉಳಿಯಿತು. ಅವಳು ಸರಿಸಲಿಲ್ಲ.

ಸೋಮವಾರ ಸಾಹೇಬರಿಗೆ ಹದಿನೇಳನೇ ಬಿಲ್ಲೆ ಒಪ್ಪಿಸಿ, ಹನ್ನೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ ಒಂದು ಮಾತು ಕೇಳಿದೆ: ಸಂಜೆಯ ಪಾಳಿ ಬೇಕು. ಅವರು ಒಪ್ಪಿದರು. ರದ್ದಾದ ಬಿಲ್ಲೆ ನಂಗ್ಯಾಕೆ, ನೀನೇ ಇಟ್ಕೋ ಎಂದರು.

ಸಂಜೆ ಹೊಲಿಗೆ ಅಂಗಡಿ ಮುಚ್ಚಿ ಅವಳು ಬಂದಾಗ ನಾನು ಗೇಟಿನಲ್ಲಿದ್ದೆ.

"ಈಗ ಬಿಲ್ಲೆ ಇಲ್ಲ, ಮೊಳೆ ಇಲ್ಲ. ನನ್ನ ಹುಡುಕೋದು ಹ್ಯಾಗೆ?"

"ಹುಡುಕಲ್ಲ. ಗೇಟು ಮುಚ್ಚೋ ಮುಂಚೆ ಕೊನೇ ಸುತ್ತು ಹಾಕೋವಾಗ ಜೊತೇಲೇ ಬರ್ತೀನಿ."

ಆ ಬಿಲ್ಲೆ ಈಗಲೂ ಇದೆ, ನಮ್ಮ ಮನೆಯ ಬೀಗದ ಕೈಯ ಜೊತೆ. ಅದರ ಮೇಲಿನ ಹದಿನೇಳು ಸವೆದುಹೋಗಿದೆ. ರಾತ್ರಿ ಒಳಗಿನಿಂದ ಬೀಗ ಹಾಕಿದ ಮೇಲೆ ಅವಳೇ ಅದನ್ನು ಬಾಗಿಲ ಹಿಂದಿನ ಮೊಳೆಗೆ ಹಾಕುತ್ತಾಳೆ.