ಕಿಟಕಿಯೂ ಬೇಕು, ಮುಖವೂ ಬೇಕು

"ಅಲ್ಲೇ ನಿಲ್ಲಿ! ಮುಂದೆ ಬರಬೇಡಿ!"

ಕೈತುಂಬ ಪರದೆ ಹೊತ್ತು ಒಳಗೆ ಬರುತ್ತಿದ್ದವಳು ಬೆಚ್ಚಿಬಿದ್ದಳು. ಬೆಚ್ಚಿದ ರಭಸಕ್ಕೆ ನಿಲ್ಲುವ ಬದಲು ಇನ್ನೂ ಮುಂದಕ್ಕೇ ಬಂದುಬಿಟ್ಟಳು.

ಟಕ್... ಟಕ್... ಟಕ್!

ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾದ ಹಿಂದಿನಿಂದ ಒಂದು ತಲೆ ಎದ್ದಿತು. ಕೆದರಿದ ಕೂದಲು, ಗಂಟಿಕ್ಕಿದ ಹುಬ್ಬು.

"ಹೋಯ್ತು! ಮೊದಲನೇದ್ರಲ್ಲಿ ನೀವಿಲ್ಲ, ಎರಡನೇದ್ರಲ್ಲಿ ಅರ್ಧ ಇದೀರಿ, ಮೂರನೇದ್ರಲ್ಲಿ ಪೂರ್ತಿ. ಮೂರನ್ನೂ ಸೇರಿಸಿದ್ರೆ ದೆವ್ವ ಬಂದ ಹಾಗಿರುತ್ತೆ!"

"ಯಾರ್ರೀ ದೆವ್ವ? ನಮ್ಮ ಅಂಗಡಿಯಲ್ಲಿ ನಿಂತ್ಕೊಂಡು ನನ್ನನ್ನೇ ದೆವ್ವ ಅಂತೀರಾ?"

ಅವನು ಪೆಚ್ಚಾಗಿ ತಲೆ ಕೆರೆದುಕೊಂಡ.

ಅದು ಅವಳ ಅತ್ತಿಗೆಯ ಪರದೆ ಅಂಗಡಿ. ಅವಳು ಅಲ್ಲೇ ಹೊಲಿಗೆ ಮಾಡುತ್ತಿದ್ದಳು. ಎಲ್ಲರೂ ಅವಳನ್ನು 'ಸೂಜಿ' ಎಂದೇ ಕರೆಯುತ್ತಿದ್ದರು. ಕಸುಬಿಗೋ ನಾಲಿಗೆಗೋ ಎಂದು ಕೇಳಿದರೆ ಅತ್ತಿಗೆ ನಕ್ಕುಬಿಡುತ್ತಿದ್ದಳು. ಅಂಗಡಿಗೆ ಹೊಸ ಬೋರ್ಡು ಮಾಡಿಸಬೇಕು, ಅದಕ್ಕೆ ಒಳ್ಳೆಯ ಫೋಟೋ ಬೇಕು ಎಂದು ಈ ಫೋಟೋದವನನ್ನು ಕರೆಸಿದವಳೂ ಅತ್ತಿಗೆಯೇ.

"ಒಂದು ರೂಮಿಗೆ ಮೂರು ಮೂರು ಫೋಟೋ ಯಾಕೆ? ಮೊದಲ ಸಲವೇ ನೆಟ್ಟಗೆ ತೆಗೆಯೋಕೆ ಬರಲ್ವಾ?" ಸೂಜಿ ಚುಚ್ಚಿದಳು.

ಅವನಿಗೆ ನಗು ಬಂತು. "ಬನ್ನಿ, ತೋರಿಸ್ತೀನಿ."

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೇ ಕೋಣೆ ಮೂರು ಬಗೆಯಾಗಿತ್ತು. ಒಂದು ಸಾಧಾರಣ. ಒಂದರಲ್ಲಿ ಕಿಟಕಿಯಾಚೆಯ ಬೀದಿ ಸ್ಪಷ್ಟ, ಆದರೆ ಕೋಣೆ ಕತ್ತಲು. ಇನ್ನೊಂದರಲ್ಲಿ ಸೋಫಾದ ಎಳೆ ಎಳೆಯೂ ಕಾಣುತ್ತಿತ್ತು, ಆದರೆ ಕಿಟಕಿ ಸುಣ್ಣ ಬಳಿದಂತೆ ಬರೀ ಬಿಳಿ.

"ನಮ್ಮ ಕಣ್ಣಿಗೆ ಬಿಸಿಲೂ ನೆರಳೂ ಒಟ್ಟಿಗೆ ಕಾಣುತ್ತೆ. ಕ್ಯಾಮೆರಾ ಪಾಪ, ಅಷ್ಟು ಜಾಣ ಅಲ್ಲ. ಕಿಟಕಿ ಬೇಕಾ, ಕೋಣೆ ಬೇಕಾ ಅಂತ ಕೇಳುತ್ತೆ. ನನಗೆ ಎರಡೂ ಬೇಕು. ಅದಕ್ಕೇ ಕಪ್ಪಗೊಂದು, ಬೆಳ್ಳಗೊಂದು, ನಡುವೆ ಒಂದು. ಬ್ರ್ಯಾಕೆಟಿಂಗ್ ಅಂತಾರೆ. ಆಮೇಲೆ ಮೂರರಿಂದಲೂ ಸರಿಯಾಗಿ ಬಂದಿರೋದನ್ನ ತಗೊಂಡು ಒಂದು ಮಾಡೋದು."

'ಎಷ್ಟು ತಾಳ್ಮೆ ಇವನಿಗೆ!' ಎಂದುಕೊಂಡಳು. ಬಾಯಲ್ಲಿ ಮಾತ್ರ, "ಅಂತೂ ಮೂರು ಸಲ ಕೆಲಸ ಅನ್ನಿ" ಎಂದಳು.

ಆಮೇಲಿನ ದಿನಗಳಲ್ಲಿ ಅವನು ಅಂಗಡಿಯ ಗಿರಾಕಿಗಳ ಮನೆಗೆ ಪರದೆಗಳ ಫೋಟೋ ತೆಗೆಯಲು ಹೋದಲ್ಲೆಲ್ಲ ನೆರಿಗೆ ಸರಿಮಾಡಲು ಅವಳೂ ಹೋದಳು. ಅವನು "ಈಗ" ಎನ್ನುತ್ತಿದ್ದ ಹಾಗೇ ಗೋಡೆಗೆ ಅಂಟಿ ನಿಲ್ಲುವುದು ರೂಢಿಯಾಯಿತು. ಕೊನೆಯ ಕ್ಲಿಕ್ ಆದದ್ದೇ ತಡ, ಇಬ್ಬರೂ ಬಿಗಿಹಿಡಿದ ಉಸಿರು ಬಿಟ್ಟು ನಗುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕಿಟಕಿಯ ಪಕ್ಕ ಮಿಷನ್ ತುಳಿಯುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ. "ನಿಮ್ಮದೊಂದು ತೆಗೀಲಾ? ಹೀಗೇ, ಈ ಬೆಳಕಲ್ಲಿ..."

ಅವಳ ಕಾಲು ನಿಂತಿತು.

ಫೋಟೋ ಎಂದರೆ ಅವಳಿಗೆ ಚಿಕ್ಕಂದಿನಿಂದಲೂ ಭಯ. ಮನೆಯ ಪ್ರತಿ ಫೋಟೋದಲ್ಲೂ ಅವಳು ಅಂಚಿನಲ್ಲಿ. "ಫ್ಲ್ಯಾಶ್ ಹಾಕಪ್ಪಾ, ಇಲ್ಲದಿದ್ರೆ ಇವಳ ಹಲ್ಲು ಮಾತ್ರ ಬರುತ್ತೆ!" ಎಂದು ಸೋದರಮಾವ ಹೇಳಿದಾಗೆಲ್ಲ ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದಿದ್ದರೆ 'ತಮಾಷೆಗೂ ಮುಖ ಊದಿಸ್ತಾಳೆ' ಎಂಬ ಮಾತು ಬೇರೆ!

ಆದರೂ ಅಂದು ಒಪ್ಪಿದಳು. ಯಾಕೋ... ಇವನ ಮುಂದೆ ಅಡಗಿಕೊಳ್ಳಬೇಕು ಅನ್ನಿಸಲಿಲ್ಲ.

"ಅಲ್ಲಾಡಬೇಡಿ. ನಗು ಹಾಗೇ ಇರಲಿ."

ಟಕ್... ಟಕ್... ಟಕ್.

ವಾರ ಕಳೆಯಿತು. ಬೆಳಗ್ಗೆ ಅಂಗಡಿಯ ತಿರುವಿಗೆ ಬಂದವಳು ನಿಂತಲ್ಲೇ ನಿಂತಳು. ಹೊಸ ಬೋರ್ಡು ಏರಿತ್ತು. ಅದರಲ್ಲಿ ಅವಳೇ! ಅಲ್ಲ... ಅವಳ ಸೀರೆ, ಅವಳ ಮಿಷನ್, ಅವಳ ನಗು. ಮುಖ ಮಾತ್ರ ಹಾಲು ಬಿಳಿ. ಹಿಂದಿನ ಕಿಟಕಿ ಬಿಳಿಯಲ್ಲಿ ಕರಗಿಹೋಗಿತ್ತು.

'ಇವನೂ ಅಷ್ಟೇ! ನನ್ನನ್ನು ನೋಡಲೇ ಇಲ್ಲ... ನಾನು ಹೇಗಿದ್ದರೆ ಚೆಂದವೋ ಅದನ್ನು ನೋಡಿದ!'

ಅವನು ಬಂದದ್ದು ಅದೇ ಹೊತ್ತಿಗೆ. ಮುಖದ ತುಂಬ ಉತ್ಸಾಹ. "ನಿಮ್ಮ ಫೋಟೋ ಹೆಚ್ಚೂ ಕಡಿಮೆ ಮುಗೀತು, ನೋಡ್ತೀರಾ?"

"ನೋಡಿದೆ. ಊರೆಲ್ಲ ನೋಡ್ತಾ ಇದೆ. ಚೆನ್ನಾಗಿ ತೊಳೆದಿದೀರಿ ನನ್ನನ್ನ! ಇನ್ನು ಈ ಕಡೆ ಬರಬೇಡಿ."

"ಏನಾಯ್ತು ಅಂತ..."

"ಬರಬೇಡಿ ಅಂದೆ!"

ಬಾಗಿಲು ಧಡಾರನೆ ಮುಚ್ಚಿತು. ಹೊರಗೆ ಅವನು ತಲೆಯೆತ್ತಿ ಬೋರ್ಡು ನೋಡಿದ. ಅವನ ಮುಖ ಸಪ್ಪಗಾಯಿತು. ಅದನ್ನು ಅವಳು ಕಾಣಲಿಲ್ಲ.

ಎರಡು ದಿನ ಅವಳು ಹೊಲಿದದ್ದೆಲ್ಲ ಸೊಟ್ಟ. ಮೂರನೇ ದಿನ ಅತ್ತಿಗೆ ಮಿಷನ್ನಿನ ಪಕ್ಕ ಬಂದು ಕೂತಳು.

"ಏನೇ ಇದು, ಪರದೆ ಹೊಲೀತಿದೀಯೋ, ಹಾವು ಬಿಡಿಸ್ತಿದೀಯೋ? ಆ ಹುಡುಗನೂ ಫೋನಲ್ಲಿ ನನ್ನ ಹತ್ರ ಜಗಳ ಆಡಿದ ಕಣೆ. ಬೋರ್ಡು ಇಳಿಸಿ, ಹೊಸದಕ್ಕೆ ನಾನೇ ದುಡ್ಡು ಕೊಡ್ತೀನಿ ಅಂದ. ಅಷ್ಟು ಚೆಂದದ ಫೋಟೋ ಹುಡುಕಿ ಕೊಟ್ಟಿದ್ದು ನಾನು!"

ಮಿಷನ್ ನಿಂತಿತು. "ಹುಡುಕಿದ್ದು... ನೀವಾ ಅತ್ತಿಗೆ?"

"ಮತ್ತೆ? ಅವನು ನಮ್ಮ ಕಂಪ್ಯೂಟರಲ್ಲಿ ಮೂರೂ ಹಾಕಿಟ್ಟು ಹೋಗಿದ್ದ. ಇನ್ನೂ ಕೆಲಸ ಇದೆ ಅಂದಿದ್ದ. ಬೋರ್ಡಿನವನಿಗೆ ಅವಸರ. ಬೆಳ್ಳಗಿರೋದನ್ನ ಕೊಟ್ಟೆ. ನಿನಗೆ ಖುಷಿಯಾಗುತ್ತೆ ಅಂದ್ಕೊಂಡೆ..." ಅತ್ತಿಗೆಯ ದನಿ ಇಳಿಯಿತು. "ಆಗ್ಲಿಲ್ವೇನೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

ಅತ್ತಿಗೆ ಅವಳ ಕೈ ಹಿಡಿದಳು. "ನನ್ನ ಬುದ್ಧಿಗೆ ಮಣ್ಣು ಹಾಕ. ಎದ್ದೇಳು, ಹೋಗು. ಆ ಪರದೆ ನಾನು ಬಿಚ್ಚಿ ಹೊಲೀತೀನಿ."

ಅವನ ಸ್ಟುಡಿಯೋ ಮಹಡಿಯ ಮೇಲಿನ ಒಂದೇ ಕೋಣೆ. ಬಾಗಿಲಲ್ಲಿ ಅವಳನ್ನು ಕಂಡು ಅವನು ಗಡಬಡಿಸಿ ಎದ್ದ. ಕುರ್ಚಿ ಉರುಳಿತು.

"ನನ್ನದು ತಪ್ಪಾಯ್ತು. ಕೇಳದೇ ಬಾಯಿಗೆ ಬಂದ ಹಾಗೆ ಮಾತಾಡಿದೆ," ಎಂದಳು.

"ನನ್ನದೂ ತಪ್ಪಿದೆ. ಅರ್ಧ ಕೆಲಸ ಯಾರ ಕೈಗೂ ಸಿಗೋ ಹಾಗೆ ಇಡಬಾರದಿತ್ತು. ಆ ಬೆಳ್ಳಗಿನ ಫೋಟೋ ಮುಖಕ್ಕಲ್ಲ ತೆಗೆದಿದ್ದು. ಮಿಷನ್ ಕೆಳಗಿನ ಕತ್ತಲಲ್ಲಿ ನಿಮ್ಮ ಪಾದ ಇತ್ತಲ್ಲ, ತುಳೀತಿದ್ದ ಪಾದ... ಅದು ಕಾಣಲಿ ಅಂತ."

ಅವನು ಪಕ್ಕಕ್ಕೆ ಸರಿದ. ಕಂಪ್ಯೂಟರಿನಲ್ಲಿ ಸೇರಿಸಿ ಮುಗಿಸಿದ ಫೋಟೋ ಇತ್ತು.

ಕಿಟಕಿಯಾಚೆಯ ಬೀದಿ, ಗೋಡೆಗೊರಗಿದ ಸೈಕಲ್ಲು, ಬಟ್ಟೆಯ ನೆರಿಗೆ, ನೆರಳಲ್ಲಿ ಬೆರಳು ಮಡಚಿದ ಪಾದ. ನಡುವೆ ಅವಳು. ಕೆನ್ನೆಯ ಮೇಲೆ ಬಿಸಿಲಿನ ಗೆರೆ. ಚರ್ಮದ ಬಣ್ಣ ಅವಳು ದಿನವೂ ಕನ್ನಡಿಯಲ್ಲಿ ಕಾಣುವ ಅದೇ ಬಣ್ಣ.

"ಕಪ್ಪಗೇ ಇದೀನಲ್ಲ..." ಅವಳು ಇನ್ನೂ ಹತ್ತಿರ ಬಾಗಿ ನೋಡಿದಳು.

"ಹೌದು. ಕಪ್ಪಗಿದೀರಿ," ಎಂದ ಅವನು.

ದನಿ ತಗ್ಗಿಸಲಿಲ್ಲ. 'ಲಕ್ಷಣವಾಗಿದೀರಿ' ಎಂದು ಸಮಾಧಾನ ಸೇರಿಸಲಿಲ್ಲ. 'ಅದು ಸೈಕಲ್ಲು' ಎನ್ನುವಷ್ಟೇ ಸಹಜವಾಗಿ ಹೇಳಿದ.

"ಆ ಬಣ್ಣ ಸರಿಯಾಗಿ ಬರಲಿ ಅಂತಾನೇ ಇಷ್ಟು ದಿನ ಹಿಡೀತು. ಚೂರು ಹೆಚ್ಚಾದ್ರೂ ನೀವಲ್ಲ, ಕಮ್ಮಿಯಾದ್ರೂ ನೀವಲ್ಲ. ಕಣ್ಮುಚ್ಚಿ ನೆನಪು ಮಾಡ್ಕೊಂಡು, ಮತ್ತೆ ನೋಡಿ... ನೀವು ಬರಬೇಡಿ ಅಂದ ಮೇಲೂ ಅದೇ ಕೆಲಸ. ಬೇರೆ ಏನೂ ತೋಚಲಿಲ್ಲ. ನಿಮ್ಮನ್ನ ಬಿಟ್ಟು ಇನ್ನೇನೂ ತೋಚಲ್ಲ ನನಗೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವಿನ ನಡುವೆಯೇ ನಗು ಬಂತು.

"ಇದನ್ನೇ ಬೋರ್ಡಿಗೆ ಹಾಕ್ಸಿ. ನಮ್ಮ ಸೋದರಮಾವನೂ ನೋಡಲಿ."

"ಇದನ್ನ ಕೊಡಲ್ಲ ನಾನು."

"ಯಾಕೆ?"

"ಇದು ನನಗೆ ಬೇಕು. ಇಟ್ಕೋತೀನಿ."

ಸೂಜಿ ಎಂದು ಹೆಸರಾದವಳ ದನಿ ಆ ದಿನ ರೇಷ್ಮೆಯಾಗಿತ್ತು.

"ಫೋಟೋ ಬೋರ್ಡಿಗೇ ಹೋಗಲಿ ಬಿಡಿ. ನಿಮಗ್ಯಾಕೆ ಫೋಟೋ? ನಾನೇ ಇರ್ತೀನಲ್ಲ, ಎದುರಿಗೆ..."